ಅಪ್ಪ ಹಾಕಿದ ಗಂಟು

ಅನಿತಾ ಇನ್ನೇನು ಕೊಡವನ್ನು ಬಾವಿಗೆ ಇಳಿಬಿಡಬೇಕು, ಪಕ್ಕದ ಮನೆಯ ಪಕ್ಕೀರಮ್ಮ ಓಡಿಬಂದು ಕೈ ಹಿಡಿದಳು.

"ಬ್ಯಾಡವ್ವ. ಈ ನೀರು ಹೆಣಕ್ಕೂ ಬ್ಯಾಡ. ನಮ್ಮನ್ಯಾಗಿನ ಕ್ಯಾನ್ ನೀರು ಒಯ್ಯಿ."

"ಅಪ್ಪ ಹುಟ್ಟಿದಾಗಿಂದ ಕುಡದಿದ್ದು ಇದ ನೀರು, ಅತ್ತಿ."

"ಅದಕ್ಕ ಹೇಳಾಕತ್ತೀನಿ."

ಕೊಡದ ಕುತ್ತಿಗೆಗೆ ಬಿಗಿದ ಹಗ್ಗದ ಗಂಟು ಅಪ್ಪ ಚಂದ್ರಣ್ಣನದು. ಎಡಕ್ಕೆ ಎರಡು ಸುತ್ತು, ಬಲಕ್ಕೆ ಒಂದು, ತುದಿಯನ್ನು ಹಲ್ಲಿನಿಂದ ಜಗ್ಗಿ ಬಿಗಿಯುವುದು. ಇಡೀ ದೇಶನೂರಿನಲ್ಲಿ ಅದನ್ನು ಬಿಚ್ಚಲು ಬರುತ್ತಿದ್ದುದು ಅವನಿಗೆ ಮತ್ತು ಮಗಳಿಗೆ ಮಾತ್ರ. ಅನಿತಾ ಬಗ್ಗಿ ಹಲ್ಲಿನಿಂದ ಬಿಚ್ಚಿ, ಖಾಲಿ ಕೊಡ ಹೊತ್ತು ಮನೆಗೆ ಬಂದಳು.

ರಾತ್ರಿ ಮಲಗಿದ ಅಪ್ಪ ಬೆಳಿಗ್ಗೆ ಏಳಲಿಲ್ಲ. ಸುದ್ದಿ ಕೇಳಿ ಅವಳು ಕುರುಗೋಡಿನ ಗಂಡನ ಮನೆಯಿಂದ ಸಿಕ್ಕ ಮೊದಲ ಬಸ್ಸಿಗೆ ಬಂದಿದ್ದಳು. ಅಂಗಳದಲ್ಲಿ ಹೆಂಗಸರಷ್ಟೇ ಕೂತಿದ್ದರು. ಗಂಡಸರೆಲ್ಲ ಎದುರಿನ ಚಹಾದಂಗಡಿ ಬಿಟ್ಟು ಕದಲಿರಲಿಲ್ಲ. ಚಟ್ಟ ಕಟ್ಟಲು ಯಾರೂ ದಿಕ್ಕಿರಲಿಲ್ಲ. ಅವಳೇ ಹೋಗಿ ಅಪ್ಪನ ಓರಗೆಯ ಜಡೆಪ್ಪನ ಮುಂದೆ ನಿಂತಳು.

"ಮಾವ, ಹೆಗಲು ಕೊಡಾಕ ಬರ್ರಿ."

"ನನ್ನ ಹೆಂಡ್ತಿ ಸಿರುಗುಪ್ಪ ದವಾಖಾನಿಯಾಗ ಮಲಗ್ಯಾಳ," ಎಂದ ಜಡೆಪ್ಪ. "ಇಪ್ಪತ್ತು ವರ್ಷ ಬಾವಿಗೆ ವಿಷ ಬರಂಗಿಲ್ಲ, ಕಂಪ್ಯೂಟರ್ ಹೇಳೈತಿ, ಕುಡೀರಿ ಅಂತ ಮೈಕ್ ಹಿಡ್ದು ಹೇಳಿದವ ನಿಮ್ಮಪ್ಪ. ಐದು ವರ್ಷಕ್ಕ ಬಂತು. ನಾವು ಕಂಪ್ಯೂಟರ್ ನಂಬಿರಲಿಲ್ಲವ್ವ, ಅವನ್ನ ನಂಬಿದ್ವಿ."

ಅನಿತಾ ಅಂಗಳಕ್ಕೆ ತಿರುಗಿ ಬಂದಳು. ಅಪ್ಪ ಗೊತ್ತಿದ್ದೂ ಸುಳ್ಳು ಹೇಳಿದನೇ? ಊರಿಗೆ ಮೋಸ ಮಾಡಿದವನೆಂಬ ಹೆಸರು ಹೊತ್ತೇ ಮಣ್ಣಿಗೆ ಹೋಗಬೇಕೇ?

*

ಎಂಟು ವರ್ಷದ ಹಿಂದೆ ಊರಾಚೆಯ ಬಣ್ಣದ ಕಾರ್ಖಾನೆ ತನ್ನ ಕೊಳೆನೀರಿಗೆ ದೊಡ್ಡ ಗುಂಡಿ ತೋಡಿತು. ಆ ವಿಷ ನೆಲದೊಳಗೆ ಹರಿದು ಬಾವಿ ಮುಟ್ಟಲು ಎಷ್ಟು ಕಾಲ ಬೇಕೆಂದು ಲೆಕ್ಕ ಹಾಕಲು ಬಳ್ಳಾರಿಯಿಂದ ಇಂಜಿನಿಯರ್ ಚಿದಾನಂದಪ್ಪ ಬಂದರು. ಗುಂಡಿಗೂ ಬಾವಿಗೂ ನಡುವೆ ನಾಲ್ಕು ಕೊಳವೆ ಇಳಿಸಿದರು. ಚಂದ್ರಣ್ಣನ ಮನೆಯಲ್ಲಿ ರೊಟ್ಟಿ ಮುರಿಯುತ್ತಾ ವಿವರಿಸಿದರು:

"ಕಂಪ್ಯೂಟರ್ ನೀರಿನಂಗ ಹರಿಯಾಂಗಿಲ್ಲ ಚಂದ್ರಣ್ಣ, ಹೆಜ್ಜಿ ಹಾಕತೈತಿ. ಒಂದೊಂದು ಹೆಜ್ಜಿಗೆ ವಿಷ ಎಲ್ಲಿಗೆ ಬಂತು ಅಂತ ನೋಡತೈತಿ."

"ಎಷ್ಟು ದಿನಕ್ಕೊಂದು ಹೆಜ್ಜಿರಿ?"

"ದಿನಕ್ಕೊಂದು. ಅದಕ್ಕ ನೀನು ಕೊಳವಿಯಾಗಿನ ವಿಷ ದಿನಾ ಅಳಿಬೇಕು."

ಚಂದ್ರಣ್ಣ ಮೂರು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ಅನಿತಾಳ ಮದುವೆಯ ದಿನ ಬೀಗರು ಬಾಗಿಲಿಗೆ ಬಂದರೆ ಹುಡುಗಿಯ ಅಪ್ಪನೇ ನಾಪತ್ತೆ! ಕೊಳವೆಗೆ ಮೀಟರ್ ಇಳಿಬಿಟ್ಟು, ಅಂಕಿ ಬರೆದುಕೊಂಡು, ಹೊಸ ಪಂಚೆಗೆ ಕೆಸರು ಮೆತ್ತಿಕೊಂಡು ಬಂದಿದ್ದ. ಬೀಗಿತ್ತಿ ಮೂಗು ಮುರಿದದ್ದಕ್ಕೆ, "ಇವತ್ತಿನ ಹೆಜ್ಜಿ ತಪ್ಪಿದ್ರ ಹೆಂಗವ್ವ?" ಎಂದು ನಕ್ಕಿದ್ದ.

*

ಮಧ್ಯಾಹ್ನ ಚಿದಾನಂದಪ್ಪನವರ ಕಾರು ಬಂತು. ಅಪ್ಪ ಅಂಕಿ ಬರೆದುಕೊಟ್ಟ ಪುಸ್ತಕಗಳನ್ನು ಅವನ ತಲೆಯ ಹತ್ತಿರ ಇಡಬೇಕೆಂದು ಅನಿತಾ ಬೆಳಿಗ್ಗೆ ಫೋನಿನಲ್ಲಿ ಕೇಳಿದ್ದಳು. ಅವರು ಹೆಣಕ್ಕೆ ಹಾರ ಹಾಕಿ, ಕಣ್ಣೊರೆಸಿಕೊಂಡು, ಮೂರು ವರ್ಷದ ಮೂರು ಕಟ್ಟುಗಳನ್ನು ಅವಳ ಮುಂದಿಟ್ಟರು.

ಕಟ್ಟಿದ ದಾರ ನೋಡಿ ಅನಿತಾ ಬೆಚ್ಚಿದಳು. ಎಡಕ್ಕೆ ಎರಡು ಸುತ್ತು, ಬಲಕ್ಕೆ ಒಂದು.

"ಸರ್, ಇವನ್ನ ನೀವು ಬಿಚ್ಚೇ ಇಲ್ಲ."

ಚಿದಾನಂದಪ್ಪ ಚಪ್ಪಲಿ ಹುಡುಕುವವರಂತೆ ನೆಲ ನೋಡಿದರು.

"ದಿನದ ಹೆಜ್ಜಿ ಹಾಕಿಸಿದ್ರ ಕಂಪ್ಯೂಟರ್ ತಿಂಗಳಗಟ್ಟಲೆ ಓಡಬೇಕಿತ್ತಮ್ಮ. ಮ್ಯಾಲಿನವರು ವಾರದಾಗ ವರದಿ ಕೇಳಿದ್ರು. ವರ್ಷಕ್ಕೊಂದು ಹೆಜ್ಜಿ ಹಾಕಿಸಿಬಿಟ್ಟೆ."

"ವರ್ಷಕ್ಕೊಂದಾ? ಕಾಲುವಿ ನೀರು ಬಿಟ್ಟಾಗ ನೆಲದಾಗಿನ ನೀರು ಹೆಂಗ ನುಗ್ಗತೈತಿ ಅಂತ ಇಲ್ಲಿ ಎಲ್ಲಾರಿಗೂ ಗೊತ್ತೈತಿ."

"ಆಫೀಸಿನಾಗಿದ್ದ ವರ್ಷದ ಸರಾಸರಿ ಅಂಕಿ ಹಾಕಿದ್ದೆ, ಅದರೊಳಗ ಆ ದಿನಗಳು ಮುಚ್ಚಿಹೋದ್ವು. ತನ್ನ ಅಂಕಿ ನೋಡೇ ಇಪ್ಪತ್ತು ವರ್ಷ ಅಂದೀನಿ ಅಂತ ನಂಬಿದ್ದ ಚಂದ್ರಣ್ಣಗ ಹೇಳಾಕ ಬಾಯಿ ಬರಲಿಲ್ಲ."

ಅವನ ರೊಟ್ಟಿ ತಿನ್ನಲು ಬಾಯಿ ಬಂದಿತ್ತಲ್ಲ! ಅನಿತಾ ಒಂದು ಕಟ್ಟನ್ನು ಮಡಿಲಿಗೆಳೆದುಕೊಂಡು ಹಲ್ಲಿನಿಂದ ಗಂಟು ಬಿಚ್ಚಿದಳು. ಐದು ವರ್ಷ ಬಿಗಿದಿದ್ದ ದಾರ ಪುಸ್ತಕದ ರಟ್ಟಿನಲ್ಲಿ ಗೀರು ಕೊರೆದಿತ್ತು. ಒಳಗೆ ದಿನಕ್ಕೊಂದು ಸಾಲು. ಕಾಲುವೆ ಬಿಟ್ಟ ದಿನಗಳಲ್ಲಿ ಅಂಕಿಗಳು ಏಕಾಏಕಿ ಏರಿದ್ದವು. ಪಕ್ಕದಲ್ಲಿ ಕೆಂಪು ಪೆನ್ಸಿಲ್ಲಿನ ದಪ್ಪ ಅಕ್ಷರ.

ಕಾರು ಕಂಡು ರಸ್ತೆ ದಾಟಿ ಬಂದಿದ್ದ ಜಡೆಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವಳು ಪುಸ್ತಕವನ್ನು ಅವನ ಕೈಗಿಟ್ಟಳು. ಅವನು ಗಟ್ಟಿಯಾಗಿ ಓದಿದ:

"ಸಾರ್, ಇಲ್ಲಿ ವಿಷ ಏರೈತಿ. ನೋಡಿ ಲೆಕ್ಕ ಹಾಕ್ರಿ."

ಹಾಳೆ ಮಗುಚಿದ. ಮರುದಿನವೂ ಅದೇ ಸಾಲು. ಅದರ ಮರುದಿನವೂ.

ಜಡೆಪ್ಪ ಪುಸ್ತಕ ಮುಚ್ಚಿ ಕಂಕುಳಲ್ಲಿ ಇರುಕಿಕೊಂಡ. ಚಹಾದಂಗಡಿಯ ಕಡೆ ತಿರುಗಿ ಕೂಗಿದ: "ಲೇ, ಬಿದಿರು ತರ್ರಿ! ಹೊತ್ತಾತು."

"ಅವು ಆಫೀಸಿನವು," ಎಂದು ಚಿದಾನಂದಪ್ಪ ಅನಿತಾಳತ್ತ ಕೈ ಚಾಚಿದರು. "ಮಣ್ಣಾದ ಮ್ಯಾಲೆ ನಾನು ವಾಪಸ್ ಒಯ್ಯಬೇಕು."

ಅನಿತಾ ಉಳಿದೆರಡು ಗಂಟುಗಳನ್ನೂ ಹಲ್ಲಿನಿಂದ ಬಿಚ್ಚಿದಳು. ಪುಸ್ತಕಗಳನ್ನು ಜಡೆಪ್ಪನಿಗೆ ಕೊಟ್ಟು, ಮೂರು ದಾರಗಳನ್ನು ಚಿದಾನಂದಪ್ಪನವರ ಅಂಗೈಯಲ್ಲಿಟ್ಟಳು.