ಎರಡು ಬ್ರೇಕಿನ ಕಾರು

ಕಂಬಳಿಯೊಳಗೆ ಥರ್ಮಾಮೀಟರು ಕೀಂ ಕೀಂ ಎಂದಿತು. ಸಣ್ಣ ಸದ್ದೇ, ಆದರೆ ಊರೆಲ್ಲ ಮಲಗಿದ ಹೊತ್ತಿನಲ್ಲಿ ಗೋಡೆಗೂ ಕಿವಿ ಮೂಡುತ್ತದೆ. ಅವಳು ಅಂಕಿ ನೋಡಿ, ಅದನ್ನು ದಿಂಬಿನ ಕೆಳಗೆ ತೂರಿಸುವಷ್ಟರಲ್ಲಿ ಬಾಗಿಲ ಆಚೆಯಿಂದ ಮಾತು ಬಂತು.

"ಅತ್ತಿಗೇ, ಎಷ್ಟಿದೆ?"

"ಏನೆಷ್ಟು? ಅಲಾರಂ ಕಣೇ ಅದು."

"ಅಲಾರಂ ಹೊಡೆದ್ರೆ ಜನ ಏಳ್ತಾರೆ. ನೀವು ಮುಸುಕು ಹಾಕ್ಕೋತಿದೀರ. ಬಾಗಿಲು ತೆಗೀರಿ."

ನಾದಿನಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರಿಲ್ಲ. ಕಾರು ಓಡಿಸಲು ಕಲಿಸುವುದು ಅವಳ ಕಸುಬು. ಪಕ್ಕದಲ್ಲಿ ಕೂತವರ ಕಾಲು ನಡುಗುವುದನ್ನು ನೋಡದೆಯೇ ತಿಳಿಯುವವಳು. ಮನೆಯಲ್ಲಿ ಎಲ್ಲರೂ ಅವಳನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. "ಇಷ್ಟು ವರ್ಷದಲ್ಲಿ ನನ್ನ ಕೈಯಿಂದ ಕಾರಿಗೆ ಒಂದು ಗೀರೂ ಬಿದ್ದಿಲ್ಲ" ಎಂಬುದು ಮೇಷ್ಟ್ರ ಜಂಬ. ಕೇಳಿ ಕೇಳಿ ಮನೆಯವರ ಕಿವಿ ತೂತಾಗಿತ್ತು.

ಎರಡು ವಾರದ ಹಿಂದೆ, ಮೂರನೇ ತಿಂಗಳು ತುಂಬುವ ಮೊದಲೇ, ಅತ್ತಿಗೆಯ ಬಸಿರು ಇಳಿದುಹೋಗಿತ್ತು. ಡಾಕ್ಟರಮ್ಮ ಸ್ಕ್ಯಾನ್ ನೋಡಿ, "ಪೂರ್ತಿ ಹೋಗಿಲ್ಲ, ಸ್ವಲ್ಪ ಒಳಗೇ ಉಳಿದಿದೆ" ಎಂದು ಮಾತ್ರೆ ಕೊಟ್ಟಿದ್ದರು. ಮುಂದಿನ ವಾರ ಮತ್ತೆ ಬಂದು ತೋರಿಸಬೇಕು. ಜ್ವರ ಬಂದರೆ, ವಾಸನೆ ಬಂದರೆ, ರಕ್ತ ಹೆಚ್ಚಾದರೆ ಒಂದು ಗಳಿಗೆಯೂ ಕಾಯಬಾರದು. ಅವಳು ಎಲ್ಲಕ್ಕೂ ಹೂಂಗುಟ್ಟಿ ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಲಿಫ್ಟ್ ರಿಪೇರಿಗೆಂದು ಬೇರೆ ಊರಿಗೆ ಹೋಗಿದ್ದ ಗಂಡನಿಗೆ ಫೋನಿನಲ್ಲಿ "ಎಲ್ಲ ಸರಿಹೋಯ್ತು" ಎಂದಳು. ಎಂದಿನಂತೆ ಕನ್ನಡಕದಂಗಡಿಯ ಕೆಲಸಕ್ಕೆ ಹೋಗಿ, ಬಂದವರ ಕಣ್ಣಿಗೆ ಒಂದೊಂದೇ ಗಾಜು ಹಿಡಿದು "ಇದು ಚೆನ್ನಾಗಿ ಕಾಣುತ್ತಾ, ಅದಾ?" ಎಂದು ಕೇಳಿದಳು. ನಡುನಡುವೆ ಹಿಂದಿನ ಕೋಣೆಗೆ ಹೋಗಿ ಪ್ಯಾಡು ಬದಲಿಸಿದಳು. ರಕ್ತ ನಿಂತಿರಲಿಲ್ಲ.

ಈಗ ಜ್ವರವೂ ಬಂದಿತ್ತು. ಬಾಗಿಲು ತೆರೆದಾಗ ನಾದಿನಿ ಹಣೆ ಮುಟ್ಟಿ ನೋಡಿದಳು. ಬೈಯಲಿಲ್ಲ. ಅವಳು ಬೈಯದಿದ್ದದ್ದೇ ಹೆದರಿಕೆ ಹುಟ್ಟಿಸಿತು.

"ಚಪ್ಪಲಿ ಹಾಕ್ಕೊಳ್ಳಿ."

"ಬೆಳಿಗ್ಗೆ ಹೋದ್ರಾಯ್ತಲ್ಲೇ."

"ಬೆಳಿಗ್ಗೆ ನನಗೆ ಪಾಠ ಇದೆ. ಹೊಸಬರು, ಗೇರ್ ಯಾವುದು, ಕೊಡೆ ಹಿಡಿ ಯಾವುದು ಅಂತ ಗೊತ್ತಿಲ್ಲ. ಈಗಲೇ ನಡೀರಿ."

ಪಾಠದ ಕಾರಿನ ಸೀಟಿಗೆ ನಾದಿನಿ ಟವೆಲ್ ಹಾಸಿದಳು. ಆ ಕಾರಿಗೆ ಬ್ರೇಕು ಎರಡು, ಒಂದು ಓಡಿಸುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂರುವ ಮೇಷ್ಟ್ರ ಕಾಲಡಿ. ಇವತ್ತು ಮೇಷ್ಟ್ರು ಸ್ಟಿಯರಿಂಗ್ ಹಿಡಿದಿದ್ದರಿಂದ ಮೇಷ್ಟ್ರ ಜಾಗ ಅವಳ ಪಾಲಿಗೆ ಬಂತು. ಬಾಗಿಲು ಹಾಕಿದ ಅಂಗಡಿಗಳು, ಮಲಗಿದ ನಾಯಿಗಳು, ಹಳದಿ ದೀಪಗಳು ಹಿಂದೆ ಸರಿದವು. ತಿರುವು ಕಳೆದು ಆಸ್ಪತ್ರೆಯ ಗೇಟು ಕಂಡಿದ್ದೇ ತಡ, ಕಾರು ನಡುರಸ್ತೆಯಲ್ಲಿ ಧಡಕ್ಕನೆ ನಿಂತಿತು. ಹಿಂದಿದ್ದ ಹಾಲಿನ ವ್ಯಾನಿನವನು ಹಾರ್ನ್ ಬಾರಿಸಿ, ಬೈದುಕೊಂಡೇ ಪಕ್ಕದಿಂದ ದಾಟಿ ಹೋದ.

"ಯಾರು ತುಳಿದಿದ್ದು?" ನಾದಿನಿ ಕೇಳಿದಳು.

"ನಾನಲ್ಲ."

"ಕಾರಲ್ಲಿರೋದು ಇಬ್ಬರು. ನಾನಂತೂ ತುಳಿದಿಲ್ಲ."

ಅವಳಿಗೆ ನಗು ಬಂತು. ನಗು ಅರ್ಧದಲ್ಲೇ ಮುರಿದು ಅಳುವಾಯಿತು. ಕಾಲು ಮಾತ್ರ ಬ್ರೇಕಿನ ಮೇಲೇ ಇತ್ತು.

"ಉಳಿದಿದೆ ಅಂದ್ರಲ್ಲ ಕಣೇ ಡಾಕ್ಟ್ರು. ಸದ್ಯ, ಅಷ್ಟಾದ್ರೂ ಉಳೀತಲ್ಲ ಅಂದ್ಕೊಂಡೆ. ಹುಚ್ಚು ಅಂತ ಗೊತ್ತು. ಆದ್ರೆ ಅದನ್ನೂ ತೆಗೆದುಬಿಟ್ರೆ, ಏನೂ ಇರಲೇ ಇಲ್ಲ ಅನ್ನೋ ಹಾಗಾಗುತ್ತೆ. ಯಾರೂ ನೋಡಿಲ್ಲ, ಹೆಸರಿಲ್ಲ. ಇತ್ತು ಅಂತ ಯಾರು ನಂಬ್ತಾರೆ?"

ನಾದಿನಿ ಎಚ್ಚರಿಕೆಯ ದೀಪ ಹಾಕಿದಳು. ಅದು ಟಿಕ್ ಟಿಕ್ ಎನ್ನುತ್ತಿತ್ತು.

"ಹಿಂದಿನ ಸೀಟಿಗೆ ಹೊಸ ಕವರು ಹಾಕಿಸಿದ್ನಲ್ಲ, ಯಾರಿಗೆ ಅಂದ್ಕೊಂಡ್ರಿ? ಕಲಿಯೋಕೆ ಬರೋ ಆ ದಡ್ಡರಿಗಾ? ಆಸ್ಪತ್ರೆಯಿಂದ ಮನೆಗೆ ಮೊದಲ ಸವಾರಿ ನನ್ನ ಕಾರಲ್ಲೇ ಅಂತ ಲೆಕ್ಕ ಹಾಕಿದ್ದೆ. ಇತ್ತು ಅತ್ತಿಗೆ. ನೀವು ಮರೆತ್ರೂ ನಾನು ಮರೆಯಲ್ಲ." ಅತ್ತಿಗೆಯ ಕಡೆ ತಿರುಗಿ ಹೇಳಿದಳು. "ಆದ್ರೆ ಜ್ವರ ನಿಮ್ಮನ್ನ ನುಂಗೋಕೆ ಬಿಡಲ್ಲ. ನೀವು ಕಾಲು ತೆಗೀದೆ ಗಾಡಿ ಮುಂದೆ ಹೋಗಲ್ಲ. ನಿಮ್ಮ ಕಾಲನ್ನ ನಾನು ಎತ್ತೋಕಾಗಲ್ಲ."

ಗೇಟಿನ ಕಾವಲುಗಾರ ಇಣುಕಿ ನೋಡಿದ. ಅವಳು ಮೆಲ್ಲಗೆ ಕಾಲೆತ್ತಿದಳು. ಕಾರು ಉರುಳಿತು.

ಡಾಕ್ಟರಮ್ಮ ಬೈದರು, ಆಮೇಲೆ ಕೈ ಹಿಡಿದುಕೊಂಡೇ ಮಾತಾಡಿದರು. ಒಳಗೆ ಉಳಿದದ್ದಕ್ಕೆ ಸೋಂಕು ತಗುಲಿತ್ತು. ಮೊದಲು ಔಷಧಿಯ ಡ್ರಿಪ್ಪು, ಬೆಳಗಾಗುತ್ತಿದ್ದಂತೆ ಮತ್ತಿನ ಇಂಜೆಕ್ಷನ್ ಕೊಟ್ಟು, ಉಳಿದದ್ದನ್ನು ತೆಗೆಯುವ ಚಿಕ್ಕದೊಂದು ಚಿಕಿತ್ಸೆ. ಎಚ್ಚರವಾದಾಗ ಅವಳು ಕೇಳಿದ ಮೊದಲ ಮಾತು, "ನಾನು ಅಂಗಡಿಯಲ್ಲಿ ಗಂಟೆಗಟ್ಟಲೆ ನಿಂತಿದ್ದಕ್ಕೆ ಹೀಗಾಯ್ತಾ?"

"ನಿಂತಿದ್ದಕ್ಕೂ ಅಲ್ಲ, ಕೂತಿದ್ದಕ್ಕೂ ಅಲ್ಲ. ನೀವು ಮಾಡಿದ ಒಂದೇ ತಪ್ಪು, ಬರಬೇಕಾದಾಗ ಬರದೇ ಇದ್ದದ್ದು. ಮಾತ್ರೆ ಪೂರ್ತಿ ಮುಗಿಸಿ. ವಾರ ಬಿಟ್ಟು ಬನ್ನಿ. ಬರ್ತೀರ ತಾನೆ?"

"ನಾನು ಕರ್ಕೊಂಡು ಬರ್ತೀನಿ," ನಾದಿನಿ ಹೇಳಿದಳು. "ಹಿಂದಿನ ಸೀಟಲ್ಲಿ ಕೂರಿಸ್ಕೊಂಡು. ಅಲ್ಲಿ ಬ್ರೇಕಿಲ್ಲ."

ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮಾರನೆಯ ದಿನ ಸಂಜೆ ಮನೆಗೆ ಕಳಿಸಿದರು. ಹೊರಡುವ ಮೊದಲೇ ಅವಳು ಗಂಡನಿಗೆ ಫೋನು ಮಾಡಿ, ರಕ್ತ, ಜ್ವರ, ಹೇಳಿದ ಸುಳ್ಳು, ಯಾವುದನ್ನೂ ಮುಚ್ಚಿಡದೆ ಹೇಳಿದಳು. ಅವನು "ಹೊರಟೆ" ಎಂದಷ್ಟೇ ಹೇಳಿದ. ಅವಳು ಹೊಸ ಕವರಿನ ಹಿಂದಿನ ಸೀಟಿನಲ್ಲಿ, ದಿಂಬಿಗೊರಗಿ ಕೂತಳು. ನಾದಿನಿ ಕಾರು ಹಿಂದಕ್ಕೆ ತೆಗೆಯಲು ಕನ್ನಡಿ ನೋಡಿದಳು. ಕನ್ನಡಿಯಲ್ಲಿ ಆ ಸೀಟು ಕಂಡಿರಬೇಕು.

ಟಪ್ ಎಂದಿತು. ಕಂಬಕ್ಕೆ ತಗುಲಿ ಹಿಂದಿನ ದೀಪ ಚೂರಾಗಿತ್ತು.

ನಾದಿನಿ ಇಳಿದು ನೋಡಲಿಲ್ಲ. ಸ್ಟಿಯರಿಂಗಿಗೆ ಹಣೆ ಹಚ್ಚಿ, ಭುಜ ಅಲುಗುವಂತೆ ಅತ್ತಳು. ಎರಡು ವಾರದಲ್ಲಿ ಒಮ್ಮೆಯೂ ಅವಳ ಕಣ್ಣು ಒದ್ದೆಯಾದದ್ದನ್ನು ಯಾರೂ ಕಂಡಿರಲಿಲ್ಲ. ಅತ್ತಿಗೆ ಹಿಂದಿನಿಂದ ಕೈ ಚಾಚಿ ನಾದಿನಿಯ ಜಡೆಯನ್ನು ಸವರಿದಳು, ಅಳು ತಾನಾಗಿ ನಿಲ್ಲುವವರೆಗೂ.

ರಾತ್ರಿ ಗಂಡ ಬಂದ. ಚೀಲವನ್ನೂ ಕೆಳಗಿಡದೆ ಹೆಂಡತಿಯ ಪಕ್ಕ ಕೂತು, ಅವಳ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡ. ಆಮೇಲೆ ನೀರು ಕುಡಿಯುತ್ತ ಕೇಳಿದ, "ಏನೇ ಮೇಷ್ಟ್ರೇ, ಕಾರಿನ ದೀಪ ಒಡೆದಿದೆ?"

ನಾದಿನಿ ಗೋಡೆಯ ಕಡೆ ನೋಡಿದಳು. "ಯಾರೋ ಕಲಿಯೋಕೆ ಬಂದೋರು."

"ಅಂಥವರನ್ನ ಯಾಕೆ ಹತ್ತಿಸ್ಕೋತೀಯ?" ಅವನು ಹೆಂಡತಿಯ ಕಡೆ ತಿರುಗಿದ. "ನೀನು ನೋಡಿದ್ಯೇನೇ, ಹೇಗಾಯ್ತು?"

ಅವಳು ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡಳು. ಗಂಡನಿಂದ ಇನ್ನು ಏನನ್ನೂ ಬಚ್ಚಿಡಬಾರದೆಂದು ಬೆಳಿಗ್ಗೆಯಷ್ಟೇ ನಿಶ್ಚಯಿಸಿದ್ದಳು. ಆದರೆ ತನ್ನಂತೆಯೇ ಇನ್ನೊಬ್ಬಳೂ ಆ ಮಗುವಿಗಾಗಿ ಅತ್ತದ್ದನ್ನು ಕಂಡವಳು ತಾನೊಬ್ಬಳೇ. ಅದನ್ನು ಇವನಿಗೂ ಹೇಳಬಾರದು, ಯಾರಿಗೂ ಹೇಳಬಾರದು.

"ನಾನು ಮಲಗಿದ್ದೆ," ಎಂದಳು.