ಒಂದನ್ನು ಒತ್ತಿ

ಬೀದಿಯಲ್ಲಿ ತಲೆಯೆತ್ತಿ ನಡೆಯುವ ಭಾಗ್ಯವನ್ನು ಅನೌನ್ಸರ್ ಕಳೆದುಕೊಂಡು ಬಹಳ ದಿನವಾಗಿತ್ತು. ಅವನು ಯಾರಿಗೂ ಮೋಸ ಮಾಡಿದವನಲ್ಲ, ಯಾರ ಮನೆಯನ್ನೂ ಒಡೆದವನಲ್ಲ. ಮಾಡಿದ ತಪ್ಪೆಂದರೆ ಒಮ್ಮೆ ಬಾಯಿ ತೆರೆದದ್ದು, ಅಷ್ಟೇ.

ಆವತ್ತೂ ಗೋದಾಮಿನ ಕೆಲಸಕ್ಕೆ ಹೊರಟವನನ್ನು ಮೂಲೆಯಂಗಡಿಯ ಟೈಲರ್ ಅಡ್ಡಗಟ್ಟಿದ. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು.

"ಮಂಗಳವಾರ ಬನ್ನಿ ಅಂದವರು ನೀವೇ ತಾನೇ? ಅಂಗಡಿ ಮುಚ್ಕೊಂಡು ಹೋದೆ. ನೋಡಿದ್ರೆ ಕೌಂಟರ್‌ಗೆ ಬೀಗ!"

"ನಾನು ಅನ್ಲಿಲ್ಲ ಸ್ವಾಮಿ, ಅದು ಮೆಷಿನ್ನು."

"ಧ್ವನಿ ಯಾರ್ದು?"

"ನಂದೇ."

"ಮತ್ತೆ?"

ಊರು ಹೊತ್ತಿ ಉರಿದು ಎಲ್ಲರೂ ಉಟ್ಟ ಬಟ್ಟೆಯಲ್ಲಿ ಗಡಿ ದಾಟುವ ಮೊದಲು ಅವನು ಅಲ್ಲಿನ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರುತ್ತಿದ್ದ. ಮೂರನೇ ಅಂಕಣ ಎಂದು ಅವನು ಹೇಳಿದರೆ ಬಸ್ಸು ಮೂರನೇ ಅಂಕಣಕ್ಕೇ ಬರುತ್ತಿತ್ತು. ಅವನ ದನಿ ಕೇಳಿ ಗಂಟುಮೂಟೆ ಎತ್ತಿಕೊಂಡು ಬೆಳೆದ ಜನವೇ ಈಗ ಈ ಪರದೇಶದ ಎರಡು ಬೀದಿಗಳಲ್ಲಿ ತುಂಬಿಕೊಂಡಿತ್ತು. ಆ ದನಿ ಸುಳ್ಳಾಡುತ್ತದೆ ಎಂದು ನಂಬಲು ಅವರು ತಯಾರಿರಲಿಲ್ಲ. ದನಿಯೊಳಗಿನ ಮನುಷ್ಯ ಕೆಟ್ಟಿದ್ದಾನೆ ಎಂದು ನಂಬುವುದು ಅವರಿಗೆ ಸುಲಭವಾಗಿತ್ತು.

ಆದದ್ದು ಇಷ್ಟು. ನಗರ ಕಚೇರಿಯ ಕೌಂಟರಿನವರಿಗೆ ಇವರ ಭಾಷೆ ಬಾರದು, ಇವರಿಗೆ ಅವರದು ಬಾರದು. ಎಲ್ಲಿಯದೋ ಒಂದು ದೊಡ್ಡ ನಿಧಿಯವರು ಹಣ ಕೊಟ್ಟು, ನಿರಾಶ್ರಿತರ ಜೊತೆ ಅವರದೇ ಭಾಷೆಯಲ್ಲಿ ಮಾತಾಡುವ ಫೋನ್ ಯಂತ್ರವೊಂದನ್ನು ಮಾಡಿಸಿದರು. ಅದನ್ನು ಕಟ್ಟಿದ ಪ್ರಾಜೆಕ್ಟ್ ಮೇಡಂ ಅವನನ್ನು ಹುಡುಕಿಕೊಂಡು ಬಂದು, "ಇದು ಓಪನ್ ಸೋರ್ಸ್, ಊರ ಬಾವಿ ಇದ್ದ ಹಾಗೆ. ಯಾವ ಊರಿನವರು ಬೇಕಾದ್ರೂ ಪುಕ್ಕಟೆ ಸೇದ್ಕೋಬಹುದು" ಎಂದಿದ್ದರು. ಒಳ್ಳೆಯ ಕೆಲಸ ಎಂದು ಅವನಿಗೂ ಅನಿಸಿತು. ಗೋಡೆಗೆಲ್ಲ ಹಳೆಯ ಕಂಬಳಿ ಹೊಡೆದ ಕೋಣೆಯೊಂದರಲ್ಲಿ ಕೂತು, ಹೇಳಿಕೊಟ್ಟದ್ದನ್ನೆಲ್ಲ ಜೇನು ಸುರಿದ ಹಾಗೆ ಓದಿದ. ಆಮೇಲೆ ಬೇರೆ ಬೇರೆ ಊರಿನವರು ಬಂದು ಬಾವಿ ಸೇದಿದರು. ಕೊಡದ ಜೊತೆ ಇವನ ಗಂಟಲೂ ಹೋಯಿತು. ಎಲ್ಲೆಲ್ಲೋ ಯಾರ್ಯಾರ ಅರ್ಜಿಯನ್ನೋ ಇವನು ತಿರಸ್ಕರಿಸುತ್ತಿದ್ದ, ಇಲ್ಲಿ ಗೋದಾಮಿನಲ್ಲಿ ರಟ್ಟಿನ ಡಬ್ಬಗಳಿಗೆ ಟೇಪು ಅಂಟಿಸುತ್ತಿದ್ದ.

ಬೀದಿಯ ಮಾತಾದರೂ ಬೀದಿಯಲ್ಲೇ ಮುಗಿಯುತ್ತಿತ್ತು. ಮನೆಯೊಳಗೆ ಅತ್ತೆ ಇದ್ದರು.

ಹೆಂಡತಿಯ ತಾಯಿ ಎಲ್ಲರಿಗಿಂತ ಕೊನೆಗೆ ಗಡಿ ದಾಟಿ ಬಂದವರು. ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಆದರೆ ಸರಿಹೋಗುತ್ತದೆ, ಆದರೆ ವಾಸದ ಕಾರ್ಡು ಇಲ್ಲದೆ ಆಸ್ಪತ್ರೆ ಮುಟ್ಟುವುದಿಲ್ಲ. ಕಾರ್ಡಿನ ಅರ್ಜಿ ಆ ಫೋನ್ ಯಂತ್ರದ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಬಿದ್ದಿತ್ತು. ಹೆಂಡತಿ ಫೋನ್ ಹಚ್ಚಿದಾಗಲೆಲ್ಲ ಗಂಡನ ದನಿಯೇ, "ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ, ದಯವಿಟ್ಟು ತಾಳ್ಮೆಯಿಂದಿರಿ" ಎನ್ನುತ್ತಿತ್ತು.

ಅಳಿಯ ಗೋದಾಮಿಗೆ ಹೋಗುವುದು ಬರೀ ನೆಪ, ನಿಜವಾಗಿ ಫೋನ್ ಆಫೀಸಿನಲ್ಲೇ ಕೂತಿರುತ್ತಾನೆ ಎಂದು ಅತ್ತೆ ತೀರ್ಮಾನಿಸಿದ್ದರು. ಮನೆಯಲ್ಲಿ ಅವನೊಂದಿಗೆ ಮಾತು ಬಿಟ್ಟರು. ಹೇಳುವುದಿದ್ದರೆ ಗೋಡೆಗೆ ಹೇಳುತ್ತಿದ್ದರು: "ಫೋನಿನಲ್ಲಿ ಎಷ್ಟು ಚೆನ್ನಾಗಿ ಮಾತಾಡಿಸ್ತಾರೆ. ಮನೆಗೆ ಬಂದ್ರೆ ಮುಖ ಗಂಟು." ಮೊನ್ನೆ ಬಿಸಿ ಚಹಾದ ಲೋಟವನ್ನು ಮೇಜಿನ ಅಂಚಿನಾಚೆ ಇಟ್ಟು ಅವನ ತೊಡೆ ಸುಟ್ಟಿದ್ದರು. ಬೇಕೆಂದೇ ಮಾಡಿದರು ಎಂದು ಅವನು ಎಗರಾಡಿದ. ಅವರು ಗೋಡೆಯ ಕಡೆ ತಿರುಗಿ ಕೂತರು.

"ಇಬ್ರೂ ಸೇರಿ ನನ್ನ ಜೀವ ತಿನ್ನಿ" ಎಂದು ಹೆಂಡತಿ ಪೊರಕೆ ಬಿಸಾಕಿ, ಬೇರೆಯವರ ಮನೆಗಳ ನೆಲ ಒರೆಸಲು ಹೋದಳು.

ಆವತ್ತು ಟೈಲರ್‌ನ 'ಮತ್ತೆ' ಕೇಳಿದ್ದೇ ಅವನ ಸಹನೆ ಹರಿದುಹೋಯಿತು. ಗೋದಾಮಿಗೆ ಅರ್ಧ ದಿನ ರಜೆ ಹೇಳಿ ಸೀದಾ ಪ್ರಾಜೆಕ್ಟ್ ಆಫೀಸಿಗೆ ನಡೆದ.

ಮೇಡಂ ಮೇಜಿನ ತುಂಬ ವೈರು ಹರಡಿಕೊಂಡು ಕೂತಿದ್ದರು. ನಿಧಿಯವರು ನೋಡಲು ಬರುವವರಿದ್ದರು, ಎರಡನೇ ಹಂತಕ್ಕೆ ಹಣ ಸಿಗಬೇಕಿತ್ತು. ಗೋದಾಮಿನಲ್ಲಿ ಕಲಿತಷ್ಟು ಅವರ ಭಾಷೆಯಲ್ಲೇ ಅವನು ಶುರು ಮಾಡಿದ.

"ಮೇಡಂ, ನನ್ನ ದನಿ ತೆಗೆದುಬಿಡಿ. ಇಲ್ಲಾ ಅಂದ್ರೆ ಆ ಕಡೆ ಒಬ್ಬ ಮನುಷ್ಯನ್ನ ಕೂರಿಸಿ. ಗೋಳು ಕೇಳೋಕೆ ಒಂದು ಕಿವಿ ಬೇಡ್ವಾ?"

"ಮನುಷ್ಯನ ಸಂಬಳ ನಡೆಸೋ ಖರ್ಚು. ಅವರು ಕಟ್ಟೋದಕ್ಕೆ ಕೊಡ್ತಾರೆ, ನಡೆಸೋದಕ್ಕೆ ಕೊಡಲ್ಲ."

"ನಡೆಸೋದಿಲ್ಲ ಅಂದ್ಮೇಲೆ ಕಟ್ಟಿದ್ಯಾಕೆ?"

"ನಾನೂ ಅದನ್ನೇ ಕೇಳಿದೆ. ಕೇಳಿದ್ದಕ್ಕೆ ಇನ್ನೊಂದು ಫಾರ್ಮ್ ಕಳಿಸಿದ್ರು." ಮೇಡಂ ಹಣೆ ಒತ್ತಿಕೊಂಡರು. ಆಮೇಲೆ ತಮ್ಮನ್ನೇ ಸಮಾಧಾನ ಮಾಡಿಕೊಳ್ಳುವಂತೆ ಪರದೆ ಅವನತ್ತ ತಿರುಗಿಸಿದರು. "ಆದ್ರೆ ನೋಡಿ, ನಿಮ್ಮ ಜನ ಇದನ್ನ ಎಷ್ಟು ಹಚ್ಕೊಂಡಿದ್ದಾರೆ! ಒಂದೊಂದು ಕಾಲ್ ಹನ್ನೊಂದು ನಿಮಿಷ. ಬೇರೆ ಯಾವ ಊರಲ್ಲೂ ಎರಡು ದಾಟಿಲ್ಲ. ನಿಧಿಯವರಿಗೆ ಇದನ್ನೇ ಮೊದಲು ತೋರಿಸೋದು."

"ಹನ್ನೊಂದು ನಿಮಿಷ ಏನು ಮಾತಾಡ್ತಾರೆ?"

"ಯಾರಿಗೆ ಗೊತ್ತು? ಭಾಷೆ ಬರಬೇಕಲ್ಲ."

ಅವನು ಅತ್ತೆಯ ಅರ್ಜಿ ಕೇಳಿದ. ಮೇಡಂ ಹುಡುಕಿ, ಹುಬ್ಬು ಮೇಲಕ್ಕೇರಿಸಿದರು. ಅರ್ಜಿ ಎಂದೋ ಪಾಸಾಗಿತ್ತು. ವಿವರವೆಲ್ಲ ಸರಿಯಿದೆ ಎಂದು ಅರ್ಜಿದಾರರು ಒಪ್ಪಿಗೆ ಕೊಡುವುದಷ್ಟೇ ಬಾಕಿ. ಅದಕ್ಕಾಗಿ ಯಂತ್ರ ದಿನಾ ಮಧ್ಯಾಹ್ನ ತಾನಾಗಿ ಕರೆ ಮಾಡುತ್ತಿತ್ತು, ಒಪ್ಪಿಗೆ ಸಿಗುವವರೆಗೆ ಕೇಳಿದವರಿಗೆಲ್ಲ 'ಪರಿಶೀಲನೆಯಲ್ಲಿದೆ' ಎಂದೇ ಹೇಳುತ್ತಿತ್ತು.

"ದಿನಾ ಎತ್ತುತ್ತಾರೆ, ದಿನಾ ಮಾತಾಡ್ತಾರೆ. ಆದ್ರೆ ಒಪ್ಪಿಗೆಯ ಗುಂಡಿ, ಆ ಒಂದನ್ನ ಮಾತ್ರ ಒತ್ತಲ್ಲ. ಇವರೊಬ್ಬರೇ ಅಲ್ಲ, ನಿಮ್ಮ ಬೀದಿಯ ವಯಸ್ಸಾದವರು ಮುಕ್ಕಾಲುಪಾಲು ಹೀಗೇ. ಶುಕ್ರವಾರ ಮೊದಲ ಹಂತ ಮುಗಿಯುತ್ತೆ. ಅಷ್ಟರೊಳಗೆ ಒತ್ತದ ಅರ್ಜಿಗಳೆಲ್ಲ ಬಿದ್ದುಹೋಗುತ್ತವೆ, ಮತ್ತೆ ಮೊದಲಿಂದ ಶುರು ಮಾಡ್ಬೇಕು."

"ನೀವೇ ಒತ್ತಿಬಿಡಿ!"

"ನಾನು ಒತ್ತೋ ಹಾಗಿಲ್ಲ."

ಅನೌನ್ಸರ್‌ನ ಮೈಯೆಲ್ಲ ಉರಿದುಹೋಯಿತು. ಒಂದು ಗುಂಡಿ! ಒಂದೇ ಒಂದು ಗುಂಡಿ ಒತ್ತಲು ಈ ಮುದುಕಿಗೆ ಏನು ಧಾಡಿ? ಅಳಿಯನ ಮಾನ ಕಳೆಯಬೇಕೆಂಬ ಹಟಕ್ಕೆ ಬಿದ್ದು ತನ್ನ ಕಣ್ಣನ್ನೇ ಕಳೆದುಕೊಳ್ಳುವವರನ್ನು ಅವನು ಎಲ್ಲೂ ಕಂಡಿರಲಿಲ್ಲ. ಇವತ್ತು ಮುಖಕ್ಕೆ ಹೊಡೆದ ಹಾಗೆ ಹೇಳಿಯೇ ತೀರುತ್ತೇನೆಂದು ದಾರಿಯುದ್ದಕ್ಕೂ ಮಾತುಗಳನ್ನು ಮಸೆಯುತ್ತಾ ಬಂದ.

ಮಧ್ಯಾಹ್ನದ ಹೊತ್ತಿನಲ್ಲಿ ಅವನು ಮನೆಗೆ ಬಂದದ್ದೇ ಇಲ್ಲ. ಮೆಟ್ಟಿಲು ಹತ್ತುವಾಗ ಕೆಳಗಿನ ಮನೆಯ ಬಾಗಿಲ ಹಿಂದಿನಿಂದ ಯಾರೋ "ನಮಸ್ಕಾರ" ಎಂದರು. ಎದುರಿನ ಬಾಗಿಲ ಹಿಂದಿನಿಂದಲೂ "ನಮಸ್ಕಾರ". ಎರಡೂ ಅವನದೇ ದನಿ. ಮಕ್ಕಳೆಲ್ಲ ದುಡಿಯಲು ಹೋದ ಮನೆಗಳಲ್ಲಿ ಉಳಿದ ಹಿರಿಯರು ಒಳಗಿನಿಂದ ಅವನಿಗೆ ಉತ್ತರ ಕೊಡುತ್ತಿದ್ದರು. ಒಬ್ಬರು ಮಂಡಿನೋವಿನ ವಿಷಯ ಹೇಳುತ್ತಿದ್ದರು. ಇನ್ನೊಬ್ಬರು ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುತ್ತಿದ್ದರು.

ಅವನು ತನ್ನ ಮನೆಯ ಬಾಗಿಲನ್ನು ಮೆಲ್ಲಗೆ ತಳ್ಳಿದ. ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಮಂಚದ ಮೇಲೆ ಕೂತಿದ್ದರು. ಮಗಳ ಹಳೆಯ ಫೋನು ಜೋರು ದನಿಯಲ್ಲಿ ಅಂಗೈಮೇಲಿತ್ತು.

"ನಿಮ್ಮ ವಿವರಗಳು ಸರಿಯಿದ್ದರೆ, ಒಂದನ್ನು ಒತ್ತಿ."

"ಸರಿಯಿದೆ ಅಳಿಯಂದಿರೇ. ನಿನ್ನೆನೂ ಹೇಳಿದ್ನಲ್ಲ. ಒಂದು ಎಲ್ಲಿದೆ ಅಂತ ಹೇಳಿ, ಒತ್ತುತೀನಿ. ಸವರಿದ್ರೆ ಫೋನೇನೋ ಎತ್ತುತ್ತೆ, ಆದ್ರೆ ಎಲ್ಲಾ ಕಡೆ ನುಣ್ಣಗೇ ಇದೆ."

"ಕ್ಷಮಿಸಿ, ನಿಮ್ಮ ಉತ್ತರ ಅರ್ಥವಾಗಲಿಲ್ಲ. ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ."

"ಅರ್ಥ ಆಗದೇ ಇರೋಕೆ ನಾನೇನು ಬೇರೆ ಭಾಷೆ ಆಡಿದ್ನಾ? ಎಡಗಣ್ಣು ಹೋಗಿ ಬಹಳ ದಿನ ಆಯ್ತು. ಬಲಗಣ್ಣಲ್ಲಿ ಕಿಟಕಿ ಯಾವ ಕಡೆ ಅನ್ನೋದಷ್ಟೇ ಗೊತ್ತಾಗುತ್ತೆ. ಮಗಳಿಗೆ ಹೇಳಿಲ್ಲ. ಹೇಳಿದ್ರೆ ಕೆಲಸ ಬಿಟ್ಟು ನನ್ನ ಕಾಯ್ಕೊಂಡು ಕೂತ್ಕೋತಾಳೆ, ಆಮೇಲೆ ಮನೆ ನಡೆಯೋದು ಹೇಗೆ? ನಿಮ್ಮ ತೊಡೆ ಸುಟ್ಟಾಗಲೇ ಬಾಯಿಗೆ ಬಂದಿತ್ತು. ನೀವು ಕೂಗಾಡಿದ್ರಿ, ನುಂಗ್ಕೊಂಡೆ. ಇಲ್ಲಾದ್ರೆ ನೀವು ಸಮಾಧಾನವಾಗಿ ಕೇಳ್ತೀರಿ."

"ಕ್ಷಮಿಸಿ, ನಿಮ್ಮ ಉತ್ತರ ಅರ್ಥವಾಗಲಿಲ್ಲ" ಎಂದಿತು ಅವನ ದನಿ, ಜೇನು ಸುರಿದ ಹಾಗೆ.

ದಾರಿಯುದ್ದಕ್ಕೂ ಮಸೆದು ತಂದ ಮಾತುಗಳನ್ನು ಯಾರ ಮೇಲೆ ಪ್ರಯೋಗಿಸುವುದೋ ಅವನಿಗೆ ತಿಳಿಯಲಿಲ್ಲ. ನಿಧಿಯವರು ಎಲ್ಲಿದ್ದಾರೋ ಗೊತ್ತಿಲ್ಲ, ಮೇಡಂ ಕೈಯಲ್ಲಿ ಏನೂ ಇಲ್ಲ, ಯಂತ್ರಕ್ಕೆ ಕಿವಿಯೇ ಇಲ್ಲ. ಉಳಿದದ್ದು ಅವನ ಗಂಟಲೊಂದೇ, ಅದನ್ನು ಹಿಸುಕಿಬಿಡಬೇಕು ಎನ್ನುವಷ್ಟು ಸಿಟ್ಟು ಬಂತು. ಕಣ್ಣು ಕಾಣದವರಿಗೆ ಕಣ್ಣು ಕೊಡಿಸುವ ಕಾರ್ಡಿಗೆ, ಕಣ್ಣಿದ್ದವರಿಗಷ್ಟೇ ಸಿಗುವ ಗುಂಡಿ. ಇದನ್ನು ಹನ್ನೊಂದು ನಿಮಿಷದ ಪ್ರೀತಿ ಎಂದು ದೊಡ್ಡವರಿಗೆ ತೋರಿಸುವುದು ಬೇರೆ.

"ಅತ್ತೆ" ಎಂದ.

"ಹೇಳಿ" ಎಂದರು ಅತ್ತೆ, ಫೋನಿಗೇ. ಮುಖ ಅರಳಿತು. "ಇವತ್ತು ಬೇರೆ ಮಾತು ಬಂತಲ್ಲ!"

ಅವನು ಹತ್ತಿರ ಹೋಗಿ ಮಂಡಿಯೂರಿ ಕೂತ. ಪರದೆಯ ಮೇಲೆ ಅಂಕಿಗಳನ್ನು ತೆರೆದು, ಅತ್ತೆಯ ಬೆರಳು ಹಿಡಿದು ಒಂದರ ಮೇಲೆ ಇಟ್ಟ. ಅವನದು ರಟ್ಟು ಹಿಡಿದು ಹಿಡಿದು ಒರಟಾದ ಕೈ. ಅತ್ತೆ ಬೆಚ್ಚಿದರು. ಆ ಕೈಯನ್ನು ಇನ್ನೊಂದು ಕೈಯಿಂದ ಸವರಿ ನೋಡಿದರು. ಗೋದಾಮು ನೆಪವಲ್ಲ ಎಂದು ಅವರಿಗೆ ಗೊತ್ತಾದದ್ದು ಆಗಲೇ ಇರಬೇಕು.

"ಬಂದು ಎಷ್ಟು ಹೊತ್ತಾಯ್ತು?"

"ಈಗಷ್ಟೇ."

"ಸುಳ್ಳು" ಎಂದು ಅತ್ತೆ ಒತ್ತಿದರು.

"ಧನ್ಯವಾದಗಳು. ನಿಮ್ಮ ಒಪ್ಪಿಗೆ ದಾಖಲಾಗಿದೆ. ನಿಮ್ಮ ದಿನ ಶುಭವಾಗಿರಲಿ."

ಫೋನು ಸುಮ್ಮನಾಯಿತು. ಕೆಳಗಿನ ಮನೆಗಳಲ್ಲಿ ಅವನ ದನಿ ಇನ್ನೂ ಕ್ಷಮೆ ಕೇಳುತ್ತಲೇ ಇತ್ತು. ಅತ್ತೆ ಅವನ ಮುಖ ಇರಬಹುದೆಂದುಕೊಂಡ ಕಡೆಗೆ ತಿರುಗಿದರು. ಅಲ್ಲಿ ಗೋಡೆಯ ಮೊಳೆಗೆ ನೇತುಹಾಕಿದ ಅವನ ಅಂಗಿಯಿತ್ತು.

"ಫೋನಿನವರು ಇಟ್ಟುಬಿಟ್ರು" ಎಂದರು ಅಂಗಿಗೆ. "ಇನ್ನು ನೀವೇನಾದ್ರೂ ಮಾತಾಡಿ ಅಳಿಯಂದಿರೇ."

ಅವನು ಎದ್ದು ಹೋಗಿ ಅಂಗಿಯ ಮುಂದೆ ನಿಂತು ಬಾಯಿ ತೆರೆದ.