ವಿಳಂಬಕ್ಕೆ ಕಾರಣ

ಟೈಲರಮ್ಮ ಕೋಟಿನ ಬೆನ್ನ ಹೊಲಿಗೆ ಬಿಚ್ಚುತ್ತಿದ್ದಾಗ ಮಗಳು ಬಾಗಿಲಲ್ಲಿ ಬಂದು ನಿಂತಳು.

"ಅಮ್ಮಾ, ಹನ್ನೊಂದಕ್ಕೆ ಗಾಡಿ ಬರತ್ತೆ. ಅಪ್ಪಂಗೆ ಬಿಳಿ ಬಟ್ಟೆ ಹೊದಿಸಿದ್ರೆ ಸಾಕು, ಅದನ್ನ ಬಿಟ್ಟು ಬಾ."

"ಎರಡಿಂಚು ಹಿಡೀಬೇಕು. ಹತ್ತು ನಿಮಿಷ."

ಪರದೇಶಕ್ಕೆ ಹೊರಡುವ ದಿನಕ್ಕೆಂದು ಗಂಡನಿಗೆ ಆಕೆಯೇ ಹೊಲಿದ ಕೋಟು ಅದು. ಹೊಲಿದ ಮೇಲೆ ಅವರು ಸೊರಗುತ್ತ ಹೋಗಿದ್ದರು. ಮೂವತ್ತೆರಡು ವರ್ಷ ಬೀದಿಯವರ ಬಟ್ಟೆಗಳನ್ನೆಲ್ಲ ಮೈಗೆ ಸರಿಹೊಂದಿಸಿದ ಕೈ, ಕಟ್ಟಿಕೊಂಡವನನ್ನು ಜೋಲು ಕೋಟಿನಲ್ಲಿ ಕಳಿಸಲು ಒಪ್ಪಲಿಲ್ಲ.

ಮಗಳು ಒಳಗೆ ಹೋದಳು. ಅಂಗಡಿಯ ಗೋಡೆಯಾಚೆಯೇ ನಡುಮನೆ. ಅಲ್ಲಿ ಆಕೆಯ ತಮ್ಮನ ದನಿ ಏರಿತ್ತು.

"ಮೂರರಿಂದ ಆರು ತಿಂಗಳು ಅಂತ ಅವರೇ ಬರೆದಿದ್ದು! ಹದಿನಾಲ್ಕು ತಿಂಗಳಾಯ್ತಲ್ಲ ಭಾವ ಅರ್ಜಿ ಹಾಕಿ? ಒಂದು ವೀಸಾಕ್ಕೆ ಇಷ್ಟು ದಿನವಾ?"

"ಬೆಳಗಾದ್ರೆ ಫೋನ್ ತೆಗೆದು ನೋಡೋರು ಮಾಮ," ಮಗಳು ಅಳುತ್ತಿದ್ದಳು. "ದಿನಾ ಒಂದೇ. 'ಪರಿಶೀಲನೆಯಲ್ಲಿದೆ.' ಆ ಆಫೀಸಿನವರೇ ಅಪ್ಪನ್ನ ಕೊಂದ್ರು."

ಟೈಲರಮ್ಮನ ಕಾಲು ಮೆಷಿನ್ನಿನ ಪೆಡಲಿನ ಮೇಲೆ ನಿಂತುಬಿಟ್ಟಿತು. ಪಾಪ, ಆ ಆಫೀಸಿನವರದೇನೂ ತಪ್ಪಿರಲಿಲ್ಲ. ಐದನೇ ತಿಂಗಳಿಗೇ ಕಾಗದ ಬರೆದು, ಗಂಡಹೆಂಡತಿ ಇಬ್ಬರ ವೈದ್ಯಕೀಯ ಪ್ರಮಾಣಪತ್ರ ಕೇಳಿದ್ದರು. ಆ ಕಾಗದ ಇದೇ ಮೆಷಿನ್ನಿನ ಡ್ರಾಯರಿನಲ್ಲಿ, ಅಸ್ತರು ಬಟ್ಟೆಯ ತುಂಡುಗಳ ಕೆಳಗಿತ್ತು. ಇಟ್ಟವಳು ಆಕೆಯೇ.

*

ಗಂಡ ಪರವಾನಗಿ ಕಚೇರಿಯ ಮೂರನೇ ಕಿಟಕಿಯಲ್ಲಿ ಗುಮಾಸ್ತರಾಗಿದ್ದರು. ಬಂದ ಅರ್ಜಿ ಬಂದ ಸರದಿಯಲ್ಲೇ ಹೋಗಬೇಕು. ಮೇಯರರ ಷಡ್ಡಕ ಬಂದರೂ ಅಷ್ಟೇ, ಹಾಲಿನವನು ಬಂದರೂ ಅಷ್ಟೇ. ಹಾಗಾಗಿ ಊರೆಲ್ಲ ಅವರನ್ನು ಸರದಿ ಸಾಹೇಬರು ಎಂದೇ ಕರೆಯಿತು.

ಹೊಲಿಗೆ ಅಂಗಡಿಗೆ ಪರವಾನಗಿ ಕೇಳಿಕೊಂಡು ಆಕೆ ಹೋದಾಗ, "ನಲವತ್ತೈದು ದಿನ," ಎಂದಿದ್ದರು. ಆಮೇಲೆ ಪ್ರತಿ ಗುರುವಾರವೂ ಆಕೆ ಹೋಗುವುದು, ಅವರು ಕಡತ ತೆರೆದು ಗಂಭೀರವಾಗಿ ತಲೆಯಾಡಿಸುವುದು. ಹನ್ನೊಂದನೇ ಗುರುವಾರ ಪರವಾನಗಿ ಸಿಕ್ಕಿತು. ಹನ್ನೆರಡನೇ ಗುರುವಾರ ಅವರೇ ಹರಿಯದ ಅಂಗಿಯೊಂದನ್ನು ರಿಪೇರಿಗೆ ಹಿಡಿದುಕೊಂಡು ಅಂಗಡಿಗೆ ಬಂದರು.

"ನನ್ನ ಫೈಲ್ ಮೇಲೆ ಕೂತ್ಕೊಂಡಿದ್ರಿ ಅಲ್ವಾ?" ಎಂದು ಮದುವೆಯಾದ ಮೇಲೆ ಆಕೆ ನೂರು ಸಲ ಕೇಳಿದ್ದುಂಟು. "ಛೇ! ನಿಯಮ ಅಂದ್ರೆ ನಿಯಮ," ಎನ್ನುತ್ತಿದ್ದ ಮನುಷ್ಯನ ಕಿವಿ ಮಾತ್ರ ಕೆಂಪಾಗುತ್ತಿತ್ತು.

ನಿವೃತ್ತಿಯಾದ ಮೇಲೆ ಅವರ ಎದೆಯಲ್ಲಿ ಗೊರಗೊರ ಶುರುವಾಯಿತು. ಬೆಚ್ಚಗಿನ ಒಣ ಹವೆಯ ಊರು ಒಳ್ಳೆಯದು ಎಂದರು ಡಾಕ್ಟರು. ಪಿಂಚಣಿ ಬರುವವರಿಗೆ, ಕೆಲಸ ಮಾಡುವುದಿಲ್ಲ ಎಂದು ಬರೆದುಕೊಟ್ಟರೆ, ವಾಸಕ್ಕೆ ಅನುಮತಿ ಕೊಡುವ ದೇಶವೊಂದನ್ನು ಅವರು ಹುಡುಕಿದರು. ಆಕೆ "ಹೂಂ" ಎಂದಳು. ಸಂಜೆ ಸಂಜೆ ಇಬ್ಬರೂ ಅಂಗಡಿಯ ಮೆಟ್ಟಿಲ ಮೇಲೆ ಕೂತು ಆ ಕಾಣದ ಮನೆಗೆ ಕಿಟಕಿ ಇಡುತ್ತಿದ್ದರು, ಪರದೆ ಕಟ್ಟುತ್ತಿದ್ದರು. ಆ ದೇಶದ ಭಾಷೆಯಲ್ಲಿ "ನೀರು", "ಬಿಸಿಲು", "ನನ್ನ ಹೆಂಡತಿ" ಎನ್ನುವುದನ್ನು ಅವರು ಕಲಿತಿದ್ದರು. ಎಂಥ ಸುಖದ ಸಂಜೆಗಳು! ಆದರೆ ಎದ್ದು ಅಂಗಡಿಯ ಬಾಗಿಲು ಎಳೆಯುವಾಗ ಆಕೆಯ ಕೈ ಚಿಲಕದ ಮೇಲೇ ಉಳಿಯುತ್ತಿತ್ತು. ಈ ಬಾಗಿಲನ್ನು ಬಿಟ್ಟು ಎಲ್ಲಿಗೆ ಹೋಗುವುದು?

ಕಾಗದ ಬಂದ ದಿನ ಅವರು ಮನೆಯಲ್ಲಿರಲಿಲ್ಲ. ನಾಳೆ ಕೊಟ್ಟರಾಯಿತೆಂದು ಡ್ರಾಯರಿಗೆ ಹಾಕಿದಳು. ನಾಳೆ ಎನ್ನುತ್ತಲೇ ಒಂಬತ್ತು ತಿಂಗಳಾಯಿತು. ನಿನ್ನೆ ಬೆಳಿಗ್ಗೆ ಚಹಾ ಲೋಟ ಕೆಳಗಿಟ್ಟವರು ಮತ್ತೆ ಎತ್ತಿಕೊಳ್ಳಲಿಲ್ಲ.

*

"ಹೊಲಿಗೆ ಮುಗೀತಾ?" ಎಂದು ಒಳಗೆ ಬಂದವರು ಮೂರನೇ ಕಿಟಕಿಯ ಪಕ್ಕದ ಮೇಜಿನವರು, ಸಾಹೇಬರ ಮೂವತ್ತು ವರ್ಷದ ಗೆಳೆಯರು.

ಆಕೆಗೆ ಇನ್ನು ತಡೆಯಲಾಗಲಿಲ್ಲ. ಡ್ರಾಯರ್ ಎಳೆದು ಕಾಗದವನ್ನು ಅವರ ಕೈಗಿಟ್ಟಳು.

"ನಾನೇ ಬಚ್ಚಿಟ್ಟಿದ್ದು. ಅವತ್ತೇ ಕೊಟ್ಟಿದ್ರೆ ಇಷ್ಟೊತ್ತಿಗೆ ಬಿಸಿಲಲ್ಲಿ ಕೂತಿರೋರು. ಕೊಂದವಳು ನಾನು."

ಅವರು ಕಾಗದ ಬಿಚ್ಚಲೇ ಇಲ್ಲ. "ಅವನಿಗೆ ಗೊತ್ತಿತ್ತಮ್ಮ."

"ಏನು?"

"ಅರ್ಜಿ ಹೋಗಿದ್ದು ನನ್ನ ಕಂಪ್ಯೂಟರಿಂದ. ಇದರ ಪ್ರತಿ ನನಗೂ ಬಂತು, ಓಡಿಬಂದು ಹೇಳಿದೆ. ನೀವು ಕೊಡ್ತೀರೇನೋ ಅಂತ ಒಂದು ವಾರ ಕಾದ. ಆಮೇಲೆ ಬಂದು, 'ಕಾಲಾವಕಾಶ ಕೇಳೋಣ' ಅಂದ. ನಾನು ಚೆನ್ನಾಗಿ ಬೈದೆ. 'ಡಾಕ್ಟರ ಹತ್ರ ಒಂದು ಬೆಳಗಿನ ಕೆಲಸ ಕಣೋ, ಹೋಗಿ ಅವಳನ್ನ ಕೇಳು' ಅಂದ್ರೆ ಏನಂದ ಗೊತ್ತಾ? 'ಕೇಳಿದ್ರೆ ಹೊರಡೋಕೆ ಒಪ್ಕೊಂಡ್ಬಿಡ್ತಾಳೆ, ಅದೇ ಕಷ್ಟ.'"

ದಿನಾ ಬೆಳಿಗ್ಗೆ ಗಂಡ ಫೋನ್ ತೆಗೆದು "ಪರಿಶೀಲನೆಯಲ್ಲಿದೆ" ಎಂದು ಗಟ್ಟಿಯಾಗಿ ಓದುತ್ತಿದ್ದದ್ದು ಹಾಗಾದರೆ ಯಾರಿಗಾಗಿ?

"ಮೂರು ತಿಂಗಳಿಗೊಂದು ಸಲ, ಮೂರು ಸಲ ಕೇಳಿದ್ವಿ. ಪ್ರತಿ ಸಲಾನೂ ಕಾರಣ ಬರೀಬೇಕು." ಅವರು ಜೇಬಿನಿಂದ ಮೂರು ಹಾಳೆ ತೆಗೆದರು. "ಇವು ನಿಮ್ಮ ಹತ್ರ ಇರ್ಲಿ ಅಂತ ತಂದೆ."

ಮೂರರಲ್ಲೂ 'ವಿಳಂಬಕ್ಕೆ ಕಾರಣ' ಎಂಬ ಅಂಕಣವಿತ್ತು. ಅದರ ಮುಂದೆ ಗಂಡನ ದುಂಡಗಿನ ಗುಮಾಸ್ತಿಕೆ ಅಕ್ಷರ. ಮೊದಲನೆಯದರಲ್ಲಿ: "ಸಹ ಅರ್ಜಿದಾರರಿಗೆ ಅಂಗಡಿಯಲ್ಲಿ ಕೆಲಸ ಬಾಕಿ ಇದೆ." ಎರಡನೆಯದರಲ್ಲಿ: "ಮೇಲಿನಂತೆ." ಮೂರನೆಯದರಲ್ಲಿ: "ಮೇಲಿನಂತೆ. ಅವಸರವಿಲ್ಲ."

"ಅವಸರ ಇಲ್ವಂತೆ," ಎಂದು ಆಕೆ ನಕ್ಕುಬಿಟ್ಟಳು. ಆಮೇಲೆ ಅಳು ಬಂತು, ನಿನ್ನೆಯಿಂದ ಬಾರದೆ ನಿಂತಿದ್ದ ಅಳು. ಗೆಳೆಯರು ಮುಖ ತಿರುಗಿಸಿ ದಾರದ ಉಂಡೆಗಳನ್ನು ನೋಡುತ್ತ ನಿಂತರು.

ನಡುಮನೆಯಲ್ಲಿ ಕೋಟು ಗಂಡನ ಮೈಗೆ ಸರಿಯಾಗಿ ಕೂತಿತು. ಭುಜದ ಮೇಲಿನ ಸುಕ್ಕನ್ನು ಆಕೆ ಅಂಗೈಯಿಂದ ತೀಡುತ್ತಿದ್ದಂತೆ ಹೊರಗೆ ಗಾಡಿ ಬಂದು ನಿಂತು, ಅದರ ಎಂಜಿನ್ನಿನ ಸದ್ದಿಗೆ ಕಿಟಕಿಯ ಗಾಜು ಗುಯ್‌ಗುಟ್ಟಿತು. ಡ್ರೈವರ್ ಒಂದು ಸಲ ಹಾರ್ನ್ ಮಾಡಿದ.

"ಎತ್ತೋಣ್ವಾ ಅಕ್ಕ?" ತಮ್ಮ ಕೇಳಿದ. "ಅವನು ಇನ್ನೊಂದು ಮನೆಗೂ ಹೋಗ್ಬೇಕಂತೆ."

ಎಲ್ಲರೂ ಆಕೆಯ ಮುಖ ನೋಡಿದರು.

"ಇನ್ನೂ ಸ್ವಲ್ಪ ಹೊತ್ತು," ಎಂದಳು.

"ಎಷ್ಟು ಹೊತ್ತು ಅಂತ ಹೇಳ್ಲಿ ಅವನಿಗೆ?"

ಆಕೆ ಕುರ್ಚಿಯನ್ನು ಗಂಡನ ತಲೆಯ ಹತ್ತಿರಕ್ಕೆ ಎಳೆದುಕೊಂಡು ಕೂತಳು. ಪಕ್ಕದ ಮೇಜಿನವರು ಎದ್ದು ಹೊರಗೆ ಹೋಗಿ, ಗಾಡಿಯ ಕಿಟಕಿಗೆ ಬಗ್ಗಿ ಏನೋ ಹೇಳಿದರು. ಡ್ರೈವರ್ ಗಡಿಯಾರ ನೋಡಿದ, ಅವರ ಮುಖ ನೋಡಿದ. ಎಂಜಿನ್ ನಿಂತಿತು. ಅವನು ಸೀಟನ್ನು ಹಿಂದಕ್ಕೆ ವಾಲಿಸಿ, ಟೋಪಿಯನ್ನು ಮುಖದ ಮೇಲೆಳೆದುಕೊಂಡು ಒರಗಿದ.